ಆಸ್ಟ್ರಿಯಾದ ಪಾಚಿಗೆ ಶಿಡ್ಲಘಟ್ಟದ ಜ್ವರ

ಹಳ್ಳದ ದಡ

ನಮ್ಮ ಯಜಮಾನರು ಆಸ್ಟ್ರಿಯಾ ದೇಶದಲ್ಲಿ ಮಾಡಿದ ಮೊದಲ ಘನಕಾರ್ಯ ಎಂದರೆ ಜಾರಿ ಬಿದ್ದದ್ದು. ವಿಮಾನ ಹತ್ತುವಾಗ ಬೀಳಲಿಲ್ಲ, ವಿಯೆನ್ನಾದ ಓಡುವ ಮೆಟ್ಟಿಲ ಮೇಲೂ ಬೀಳಲಿಲ್ಲ. ಅಲ್ಲೆಲ್ಲ ನಾನು ಅವರ ಅಂಗಿಯ ತೋಳು ಹಿಡಿದುಕೊಂಡೇ ಇದ್ದೆ. ರೈಲು, ಆಮೇಲೆ ಬಸ್ಸು, ಆಮೇಲೆ ನಟರಾಜ ಸರ್ವಿಸ್ ಎಂದು ಬೆಟ್ಟಗಳ ನಡುವಿನ ಆ ಪುಟ್ಟ ಹಳ್ಳಿಯನ್ನು ತಲುಪಿದ್ದಾಯಿತು. ಅಲ್ಲಿ ಮೊಣಕಾಲುದ್ದದ ಹಳ್ಳವೊಂದು ತಳದ ಕಲ್ಲೆಲ್ಲ ಕಾಣುವ ಹಾಗೆ ಹರಿಯುತ್ತಿತ್ತು. ಅದನ್ನು ಕಂಡು ತಡೆಯಲಾರದೆ ಪ್ಯಾಂಟು ಮಡಚಿ ಇಳಿದೇಬಿಟ್ಟರು. "ಸ್ವರ್ಗ ಕಣೇ" ಎನ್ನಲು ಹೊರಟವರು "ಸ್ವ" ಎನ್ನುವಷ್ಟರಲ್ಲಿ ನೀರಿನಲ್ಲಿ ಕೂತಿದ್ದರು.

ದಡದಲ್ಲಿದ್ದ ನನ್ನ ತಂಗಿ ರುಕ್ಮಿಣಿ ಕೈ ಕೊಟ್ಟು ಎಬ್ಬಿಸುವುದು ಬಿಟ್ಟು, "ಭಾವ, ಅಲ್ಲಾಡಬೇಡಿ, ಯಾವ ಕಲ್ಲಿನ ಮೇಲೆ ಜಾರಿದ್ರಿ ನೋಡ್ತೀನಿ" ಎಂದು ತಾನೂ ಇಳಿದಳು.

"ನಾನು ಬಿದ್ದಿದ್ದೀನಿ, ಇವಳು ಕಲ್ಲು ನೋಡ್ತಾಳಂತೆ."

"ನಿಮ್ಮನ್ನ ನಿಮ್ಮ ಮದುವೆ ದಿನದಿಂದ ನೋಡ್ತಾ ಇದೀನಿ ಭಾವ. ಈ ಕಲ್ಲು ಹೊಸದು."

ಪರಿಚಯ ಹೇಳಿಬಿಡುತ್ತೇನೆ. ನಾನು ಸರಸ, ಶಿಡ್ಲಘಟ್ಟದಲ್ಲಿ ಪ್ರೈಮರಿ ಶಾಲೆಯ ಮೇಡಂ. ಬಿದ್ದವರು ನಾರಾಯಣಪ್ಪ, ಊರಾಚೆ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳ ಸಾಕುವವರು; ಒಂದು ಬೆಳೆ ಮುಗಿಸಿ, ಗೂಡನ್ನು ಮಾರುಕಟ್ಟೆಗೆ ಹಾಕಿ, ಹುಳದ ಮನೆಯನ್ನು ತಮ್ಮನಿಗೆ ಒಪ್ಪಿಸಿ ನನ್ನ ಜೊತೆ ಹೊರಟಿದ್ದರು. ರುಕ್ಕು ನನಗಿಂತ ತುಂಬಾ ಚಿಕ್ಕವಳು. ನಾನು ಗೌರಿಬಿದನೂರಿನ ತವರಿನಿಂದ ಮದುವೆಯಾಗಿ ಹೊರಟಾಗ ಅವಳಿನ್ನೂ ಫ್ರಾಕು ಹಾಕಿಕೊಂಡು ಅಳುತ್ತಿದ್ದಳು. ಈಗ ಈ ದೇಶದಲ್ಲಿ ಕೂತು ಪಾಚಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನೆಂಟರ ಮುಂದೆ ಪಾಚಿ ಎನ್ನಲು ನಮ್ಮಮ್ಮನಿಗೆ ಸಂಕೋಚ, "ಏನೋ ನೀರಿಗೆ ಸಂಬಂಧಪಟ್ಟಿದ್ದು" ಎನ್ನುತ್ತಾಳೆ. ಕೇಳಿದವರು ಬೋರ್‌ವೆಲ್ ಪಾಯಿಂಟ್ ನೋಡುವ ಕೆಲಸ ಎಂದುಕೊಂಡು, ರಜಕ್ಕೆ ಬಂದಾಗ ನಮ್ಮ ಹೊಲಕ್ಕೂ ಒಂದ್ಸಲ ಕಳಿಸಿ ಎಂದು ಹೇಳಿಹೋಗುತ್ತಾರೆ.

ರುಕ್ಕು ಆ ಕಲ್ಲನ್ನು ಎತ್ತಿ ತೋರಿಸಿದಳು. ಕಂದು ಬಣ್ಣದ ಲೋಳೆಯ ಮೇಲೆ ಯಜಮಾನರ ಹಿಮ್ಮಡಿ ಉದ್ದಕ್ಕೆ ದಾರಿ ಮಾಡಿತ್ತು.

"ಇದೇನು ಹೇಳಿ ಭಾವ."

"ಪಾಚಿ."

"ಪಾಚಿ ಅಂದ್ರೆ?"

ಯಜಮಾನರು ಚಿಂತಾಮಣಿ ಕಡೆಯವರು, ಮನೆಯಲ್ಲಿ ಅರ್ಧ ತೆಲುಗು. ಹಲ್ಲುಜ್ಜದೆ ಕಾಫಿ ಕೇಳಿದರೆ ಅವರಮ್ಮ "ಪಾಚಿ ಪಂಡ್ಲು" ಎಂದು ಗದರುತ್ತಿದ್ದರಂತೆ, ಉಜ್ಜದ ಹಲ್ಲು ಎಂದು. ಅದನ್ನು ನೆನೆಸಿಕೊಂಡು, "ಈ ಹಳ್ಳ ಹಲ್ಲುಜ್ಜಿಲ್ಲ ಅಂತ ಅರ್ಥ" ಎಂದರು.

ನಾನು ತಲೆ ಚಚ್ಚಿಕೊಂಡೆ. ರುಕ್ಕುಗೆ ಮಾತ್ರ ಖುಷಿಯೋ ಖುಷಿ. ಹಲ್ಲಿನ ಮೇಲೆ ಕಟ್ಟುವುದೂ ಕಲ್ಲಿನ ಮೇಲೆ ಕಟ್ಟುವುದೂ ಒಂದೇ ವಂಶವಂತೆ. ಕಣ್ಣಿಗೆ ಕಾಣದ ಜೀವಗಳು ಬಂದು ಅಂಟಿಕೊಂಡು, ಅಂಟು ಸುರಿಸಿ, ಅದರೊಳಗೆ ಮನೆ ಮಾಡಿಕೊಳ್ಳುತ್ತವಂತೆ. "ಇದು ಬರೀ ಹುಲ್ಲುಗಾವಲು. ಇದನ್ನ ಮೇಯೋ ದನಗಳನ್ನ ತೋರಿಸ್ತೀನಿ ಇರಿ" ಎಂದಳು.

ಮನೆಯ ಕಡೆ ನಡೆಯುವಾಗ ಮಾತ್ರ ಅವಳ ದನಿ ಇಳಿಯಿತು. ಶುಕ್ರವಾರ ಅವಳ ಪ್ರೊಫೆಸರ್ ಬಂದು ಕೆಲಸ ನೋಡುತ್ತಾರೆ. ಸರಿ ಎನಿಸಿದರೆ ಇನ್ನೊಂದು ವರ್ಷ ಕೊಡುತ್ತಾರೆ, ಅಷ್ಟರಲ್ಲಿ ಪಿಎಚ್‌ಡಿ ಮುಗಿಯುತ್ತದೆ. ಇಲ್ಲವೆಂದರೆ ಅರ್ಧ ಓದಿನಲ್ಲೇ ಗಂಟುಮೂಟೆ ಕಟ್ಟಬೇಕು.

"ಕೊಟ್ಟೇ ಕೊಡ್ತಾರೆ ಬಿಡಮ್ಮ, ನಾವಿಲ್ವಾ" ಎಂದರು ಒದ್ದೆ ಪ್ಯಾಂಟಿನ ಯಜಮಾನರು.

ಸೋಮವಾರ, ರೋಸಾ ಅವರ ಮನೆ

ನಾವು ಉಳಿದದ್ದು ರೋಸಾ ಎಂಬ ಹಿರಿಯ ಹೆಂಗಸಿನ ಮನೆಯ ಮಹಡಿಯಲ್ಲಿ. ಅವರ ಹಿತ್ತಲಿನಲ್ಲೇ ರುಕ್ಕುವಿನ ಶೆಡ್ಡು. ರೋಸಾಗೆ ಇಂಗ್ಲಿಷ್ ಬಾರದು, ಯಜಮಾನರ ಇಂಗ್ಲಿಷ್ ಬಸ್ ಸ್ಟ್ಯಾಂಡ್ ದಾಟುವುದಿಲ್ಲ. ಆದರೂ ಇಬ್ಬರೂ ಬೆಳಗಿನಿಂದ ಮಾತಾಡುತ್ತಲೇ ಇದ್ದರು.

ಆ ಊರಿನಲ್ಲಿ ದಾರಿಯಲ್ಲಿ ಎದುರಾದವರೆಲ್ಲ "ಗ್ರ್ಯೂಸ್ ಗಾಟ್" ಎನ್ನುತ್ತಾರೆ, ದೇವರ ಹೆಸರಿನಲ್ಲಿ ಹೇಳುವ ನಮಸ್ಕಾರ. ಯಜಮಾನರ ಕಿವಿಗೆ ಕೇಳಿಸಿದ್ದು "ಗಾಟ್" ಮಾತ್ರ. ತಮಗೆ ಏನೋ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದಾರೆ ಅಂದುಕೊಂಡು, ಪಾಪ, ಎಲ್ಲರಿಗೂ "ಎಸ್, ಎಸ್, ಗಾಟ್" ಎಂದು ಉತ್ತರ ಕೊಟ್ಟರು. ನನಗೆ ಗೊತ್ತಾದ ಮೇಲೂ ಹೇಳಲಿಲ್ಲ. ನಗುವುದಕ್ಕೆ ಅಷ್ಟು ದೂರ ದುಡ್ಡು ಕೊಟ್ಟು ಹೋಗಿದ್ದೇನೆ, ಸುಮ್ಮನೆ ಯಾಕೆ ಕೆಡಿಸಿಕೊಳ್ಳಲಿ.

ರಾತ್ರಿ ಊಟಕ್ಕೆ ರೋಸಾ ತಣ್ಣಗಿನ ಬ್ರೆಡ್ಡು, ತಣ್ಣಗಿನ ಚೀಸು, ತಣ್ಣಗಿನ ಸೌತೆಕಾಯಿ ಇಟ್ಟರು. ಒಲೆ ಹಚ್ಚುವುದು ಮಧ್ಯಾಹ್ನ ಮಾತ್ರವಂತೆ. ಯಜಮಾನರ ಮುಖ ನೋಡಲಾರದೆ ನಾನು ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ತಿರುವಿದೆ, ಬಸ್ಸಾರಿನ ಬದಲು ಟೊಮೆಟೊ ಸಾರು. ರೋಸಾಗೂ ಒಂದು ಮುದ್ದೆ ಕೊಟ್ಟು, ಅಗಿಯಬಾರದು, ನುಂಗಬೇಕು ಎಂದು ಯಜಮಾನರು ಗಂಟಲು ತೋರಿಸಿ ಪಾಠ ಮಾಡಿದರು. ಆಕೆ ಚಾಕು, ಫೋರ್ಕು ಹಿಡಿದು ಮುದ್ದೆಯನ್ನು ಅಚ್ಚುಕಟ್ಟಾಗಿ ಹೋಳು ಮಾಡಿ, ಒಂದೊಂದನ್ನೂ ಅಗಿದು ಅಗಿದು ತಿಂದರು. ಯಜಮಾನರು ಆ ಕಡೆ ತಿರುಗಿ ಕೂತರು.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟು. ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಯಾರೂ ಸದ್ದು ಮಾಡಬಾರದು. ಸುತ್ತಿಗೆ ಹೊಡೆಯುವುದಿಲ್ಲ, ಹುಲ್ಲು ಕತ್ತರಿಸುವ ಮಿಷನ್ನು ಹಾಕುವುದಿಲ್ಲ, ಬಾಗಿಲನ್ನೂ ಮೆತ್ತಗೆ ಎಳೆದುಕೊಳ್ಳುತ್ತಾರೆ. ಅದು ಊರಿಗೆ ಊರೇ ಪಾಲಿಸುವ ಪದ್ಧತಿ. ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮಿಷನ್ನಿನ ಸದ್ದಿನಲ್ಲೇ ಮಕ್ಕಳನ್ನು ಮಲಗಿಸುವ ಊರಿನವರು ನಾವು. ಅಷ್ಟು ನಿಶ್ಶಬ್ದಕ್ಕೆ ನನಗೆ ಕಿವಿ ಗುಂಯ್ ಎಂದಿತು.

ಮಂಗಳವಾರ, ಶೆಡ್ಡಿನಲ್ಲಿ

ಶೆಡ್ಡಿನೊಳಗೆ ಮರದ ಪುಟ್ಟ ಕಾಲುವೆಗಳು, ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಹಳ್ಳದ ನೀರು ಪೈಪಿನಲ್ಲಿ ಬಂದು ಅವುಗಳಲ್ಲಿ ಹರಿದು ಮತ್ತೆ ಹಳ್ಳಕ್ಕೇ ಹೋಗುತ್ತದೆ. ತಳದಲ್ಲಿ ಕಲ್ಲಿನ ಬಿಲ್ಲೆಗಳು, ಅವುಗಳ ಮೇಲೆ ಪಾಚಿ. ಕೆಲವು ಕಾಲುವೆಗಳಲ್ಲಿ ರುಕ್ಕುವಿನ ದನಗಳಿವೆ, ಎಂದರೆ ಪಾಚಿ ಮೇಯುವ ಕಣ್ಣಿಗೆ ಕಾಣದ ಜೀವಿಗಳು; ಕೆಲವಕ್ಕೆ ನೀರನ್ನು ಸೋಸಿ ಬಿಟ್ಟು ದನ ಬಾರದಂತೆ ಮಾಡಿದ್ದಾಳೆ. ಮೇದ ಪಾಚಿ ನೀರನ್ನು ಚೆನ್ನಾಗಿ ತಿಳಿಮಾಡುತ್ತದೋ ಮೇಯದ ಪಾಚಿಯೋ ಎನ್ನುವುದು ಅವಳ ಪ್ರಶ್ನೆ. ಬಲಸಾಲು ಎಡಸಾಲಿನದೇ ನಕಲು. ಎರಡು ಸಾಲಿನಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಅದನ್ನು ಉತ್ತರ ಎಂದು ಒಪ್ಪುತ್ತಾರಂತೆ. ಬೇಸಿಗೆಯೆಲ್ಲ ಅವಳು ಅದನ್ನು ಕಾದಿದ್ದಳು.

ಒಂದು ತೊಟ್ಟು ಲೋಳೆಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಶಾಲೆಯಲ್ಲಿ ವರ್ಷವರ್ಷವೂ ಈರುಳ್ಳಿ ಸಿಪ್ಪೆ ತೋರಿಸಿದವಳು ನಾನು, ಆ ಧೈರ್ಯದಲ್ಲಿ ಕಣ್ಣಿಟ್ಟೆ. ಅಯ್ಯೋ ನನ್ನಪ್ಪ. ಅದು ಈರುಳ್ಳಿಯ ಹಾಗೆ ಸುಮ್ಮನೆ ಬಿದ್ದುಕೊಂಡಿರಲಿಲ್ಲ. ಹಸಿರು, ಹೊಂಬಣ್ಣದ ಕಡ್ಡಿಗಳ ಕಾಡು. ಅದರ ನಡುವೆ ಚಪ್ಪಲಿಯ ಆಕಾರದ ಒಂದು ಜೀವಿ ಗಿರಕಿ ಹೊಡೆಯುತ್ತ ಹೋಯಿತು. ಇನ್ನೊಂದಕ್ಕೆ ಹೊಟ್ಟೆಯ ಕೆಳಗೆ ಬಿರುಗೂದಲ ಕಾಲು. ಪಾಚಿಯ ಮೇಲೆ ಥೇಟ್ ಇರುವೆಯ ಹಾಗೆ ಓಡಾಡಿ, ನಿಂತು, ಹಿಂದೆ ಸರಿದು, ಮತ್ತೆ ಬಾಯಿ ಹಾಕಿತು. ಮತ್ತೊಂದು ಬಾಲವನ್ನು ಗಟ್ಟಿಯಾಗಿ ಊರಿಕೊಂಡು ತಲೆಯ ಮೇಲೆ ಎರಡು ಚಕ್ರ ತಿರುಗಿಸುತ್ತ ಎದುರಿಗೆ ಬಂದದ್ದನ್ನೆಲ್ಲ ಬಾಯಿಗೆ ಎಳೆದುಕೊಳ್ಳುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ಬಚ್ಚಲಿನ ಕಲ್ಲಿನ ಮೇಲೆ ಎಂಥೆಂಥವರನ್ನು ತೆಂಗಿನ ನಾರಿನಲ್ಲಿ ತಿಕ್ಕಿ ಕಳಿಸಿದ್ದೇನೆ ಎಂದು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

"ನನಗೂ ಬಿಡೇ" ಎಂದು ಯಜಮಾನರು ಪಕ್ಕಕ್ಕೆ ತಳ್ಳಿದರು. ನೋಡಿದರು. ಆಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

"ಏನ್ ಮೇಯ್ತವೆ ರುಕ್ಕು ಇವು. ನಮ್ ಹುಳ ಗೂಡು ಕಟ್ಟೋ ಮುಂಚಿನ ಐದನೇ ಹಂತದಲ್ಲೂ ಹಿಂಗೆ ಮೇಯಲ್ಲ."

"ಇವು ಮೇಯದೆ ಬಿಟ್ರೆ ಪಾಚಿ ದಪ್ಪ ಆಗಿ, ಅಡಿ ಕೊಳೆತು, ಎದ್ದು ಹೋಗುತ್ತೆ ಭಾವ. ಮೇಯ್ತಾ ಇದ್ರೇನೇ ಚಿಗುರೋದು."

"ಸೊಪ್ಪು ಕುಯ್ದಷ್ಟೂ ಚಿಗುರಲ್ವಾ, ಹಂಗೆ" ಎಂದು ಅವರು ಗಂಭೀರವಾಗಿ ತಲೆಯಾಡಿಸಿದರು. ಆ ಹೊತ್ತಿನಿಂದ ಅವರಿಗೆ ಆ ವಿಷಯದಲ್ಲಿ ಎಲ್ಲವೂ ಗೊತ್ತಾಯಿತು. ಅಲ್ಲಿಂದಲೇ ನಮಗೆ ಕೇಡು ಶುರುವಾದದ್ದು.

ಬುಧವಾರ, ಜ್ವರ

ಬುಧವಾರ ರುಕ್ಕು ವೀಸಾ ಕಾಗದದ ಕೆಲಸಕ್ಕೆ ಪೇಟೆಗೆ ಹೋಗಬೇಕಿತ್ತು. "ಶೆಡ್ಡಲ್ಲಿ ಏನೂ ಮಾಡಬೇಡಿ. ನೀರು ಹರೀತಾ ಇದ್ಯಾ ಅಂತ ನೋಡ್ಕೊಳಿ, ಅಷ್ಟೇ" ಎಂದು ಹೇಳಿ ಬೆಳಗಿನ ಬಸ್ಸು ಹತ್ತಿದಳು.

ನಮ್ಮ ಕಡೆಯ ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಮೇಯುವುದು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ ಎಂದೇ ಲೆಕ್ಕ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಹುಳ ಹರವಿದ ಹಾಸಿಗೆಯಲ್ಲಿ ತೇವ ಇರಬಾರದು, ಗಾಳಿ ಆಡಬೇಕು. ಅದು ಕಾಯಿಲೆಯಲ್ಲ. ಆದರೆ ಜ್ವರದಲ್ಲಿ ಕೈಯಾಡಿಸಿದರೆ ಬೆಳೆಯೇ ಹೋಗುತ್ತದೆ. ನಮ್ಮ ಯಜಮಾನರಿಗೆ ಇದು ಉಸಿರಾಡಿದಷ್ಟು ಸಲೀಸು.

ಅಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ. ಅವರು ಶೆಡ್ಡಿಗೆ ಹೋಗಿ, ರುಕ್ಕು ಹೊರಡುವ ಮುಂಚೆ ನೋಡಿ ಬಿಟ್ಟಿದ್ದ ಗಾಜಿಗೆ ಕಣ್ಣಿಟ್ಟಿದ್ದಾರೆ. ದೀಪದ ಬಿಸಿಗೆ ಆ ತೊಟ್ಟು ನೀರು ಆರುತ್ತ ಬಂದಿತ್ತು. ಒಳಗಿದ್ದವು ನಿಧಾನವಾಗಿ, ಕಡೆಗೆ ನಿಂತೇ ಹೋಗಿದ್ದವು. ಇವರು ಓಡಿ ಬಂದರು.

"ಲೇ ಸರಸ, ಜ್ವರಕ್ಕೆ ಕೂತವೆ ಕಣೇ."

"ಯಾವುದು?"

"ರುಕ್ಕು ದನಗಳು. ಒಂದೂ ಮೇಯ್ತಿಲ್ಲ. ಈ ಹುಡುಗಿಗೆ ಅಷ್ಟೂ ತಿಳೀಲಿಲ್ಲ ನೋಡು, ನೀರು ಬಿಟ್ಟು ಹೋಗವಳೆ."

"ರೀ, ಮುಟ್ಟಬೇಡಿ. ಫೋನ್ ಮಾಡಣ ಅವಳಿಗೆ."

ಫೋನು ಹೋಗಲಿಲ್ಲ, ಕಣಿವೆ ನೋಡಿ. ನಾನು ಬಟ್ಟೆ ಹರವುವಷ್ಟರಲ್ಲಿ ಅವರು ಎಡಸಾಲಿನ ನಲ್ಲಿ ತಿರುಗಿಸಿ ನೀರು ಬಂದ್ ಮಾಡಿ, ಗಾಳಿಯಾಡಲಿ ಎಂದು ಶೆಡ್ಡಿನ ಕಿಟಕಿ ಬಾಗಿಲುಗಳನ್ನೆಲ್ಲ ತೆಗೆದಿದ್ದರು. ಬಲಸಾಲಿನ ನಲ್ಲಿ ಗಟ್ಟಿ, ತಿರುಗಲಿಲ್ಲ. ಮಧ್ಯಾಹ್ನದ ತನಕ ಹುಡುಕಿ, ಎಲ್ಲಿಂದಲೋ ಸ್ಪ್ಯಾನರ್ ತಂದು ಅದಕ್ಕೆ ಟಣ್ ಟಣ್ ಎಂದು ಹೊಡೆಯತೊಡಗಿದರು. ಊಟವಾಗಿ ಊರೆಲ್ಲ ಸುಮ್ಮನಾಗಿದ್ದ ಹೊತ್ತು ಅದು. ರೋಸಾ ಏಪ್ರನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತು, ತುಟಿಯ ಮೇಲೆ ಬೆರಳಿಟ್ಟು, ಗಡಿಯಾರ ತೋರಿಸಿ, ಸ್ಪ್ಯಾನರ್ ಕಿತ್ತುಕೊಂಡು ಹೋದರು. ಯಜಮಾನರು ಏನು ಹೇಳಿದರೂ ಕೇಳಲಿಲ್ಲ.

"ಅರ್ಧ ಬೆಳೆನಾದ್ರೂ ಉಳಿಸ್ದೆ" ಎಂದು ಇವರು ನನ್ನ ಹತ್ತಿರ ಬಂದು ಹೇಳಿಕೊಂಡರು. ಅವರ ಮುಖದಲ್ಲಿದ್ದ ಆತ್ಮವಿಶ್ವಾಸ ನೋಡಿ ನಾನೂ ನಂಬಿದೆ. ನಂಬದೆ ಏನು ಮಾಡಲಿ, ಆ ಮನುಷ್ಯ ಜ್ವರದ ವಿಷಯದಲ್ಲಿ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ರುಕ್ಕು ಬಂದಳು. ಎಡಸಾಲಿನ ಪಾಚಿ ಒಣಗಿ, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಎದ್ದಿತ್ತು. ಅವಳು ಕೂಗಾಡಲಿಲ್ಲ. ಚೀಲವನ್ನು ಹೆಗಲಿನಿಂದ ಇಳಿಸದೆ ಅಲ್ಲೇ ನೆಲದ ಮೇಲೆ ಕೂತಳು. ಯಜಮಾನರು ಜ್ವರದ ವಿಷಯವನ್ನು ಮೊದಲಿನಿಂದ ಕಡೆಯವರೆಗೆ ವಿವರಿಸಿದರು. ಅವಳು ಪೂರ್ತಿ ಕೇಳಿದಳು.

"ಭಾವ, ಇವಕ್ಕೆ ಜ್ವರ ಬರಲ್ಲ" ಎಂದಳು. "ಆ ಗಾಜಿನ ಮೇಲೆ ನೀರು ಆರಿತ್ತು, ಅಷ್ಟೇ."

ಅಷ್ಟು ಹೊತ್ತಿಗೆ ಯಜಮಾನರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಅವರು ಹೋಗಿ ನಲ್ಲಿ ತಿರುಗಿಸಿ ಮತ್ತೆ ನೀರು ಬಿಟ್ಟರು.

ಗುರುವಾರ, ಗೂಡು

ಬೆಳಿಗ್ಗೆ ಗಾಜಿನ ಕೆಳಗೆ ಓಡಾಟ ಇರಲಿಲ್ಲ. ಎಲ್ಲೆಲ್ಲೂ ದುಂಡನೆಯ ಚಿಕ್ಕ ಚಿಕ್ಕ ಉಂಡೆಗಳು, ಸುತ್ತ ದಪ್ಪನೆಯ ಗೋಡೆ. ನೋಡಿದ ತಕ್ಷಣ ನನ್ನ ಬಾಯಲ್ಲಿ ಬಂದದ್ದು "ಗೂಡು ಕಟ್ಟಿವೆ" ಎಂದು. ಬಾಯಿ ಮುಚ್ಚಿಕೊಂಡೆ, ನಿನ್ನೆಯ ಜ್ವರವೇ ಸಾಕಾಗಿತ್ತು. ಆದರೆ ರುಕ್ಕು, "ಇದು ಮಾತ್ರ ನಿಜ ಅಕ್ಕ" ಎಂದಳು. ನೀರು ಆರುತ್ತ ಬಂದರೆ ಕೆಲವು ಜೀವಿಗಳು ಮೈ ಮುದುರಿ ಸುತ್ತ ಗೋಡೆ ಕಟ್ಟಿಕೊಂಡು ಕೂರುತ್ತವಂತೆ. ನೀರು ಬಂದ ಮೇಲೆ ಎಷ್ಟು ಏಳುತ್ತವೆ, ಎಷ್ಟು ಸತ್ತಿವೆ ಎಂದು ಯಾರೂ ಮೊದಲೇ ಹೇಳಲಾರರು. ನಾಳೆಯೊಳಗೆ ಎದ್ದರೂ ಅವಳ ಹಳೆಯ ಪ್ರಶ್ನೆಗೆ ಅದರಿಂದ ಉಪಯೋಗವಿಲ್ಲ. ಒಂದು ಸಾಲು ಕೆಟ್ಟಿತು ಎಂದರೆ ಇನ್ನೊಂದು ಸಾಲಿನ ಉತ್ತರವೂ ನಿಲ್ಲುವುದಿಲ್ಲ. ನೀರು ಎಷ್ಟು ತಿಳಿಯಾಯಿತು ಎನ್ನುವ ಎಂದಿನ ಲೆಕ್ಕವನ್ನು ಬಿಟ್ಟು ಅವಳು ಎರಡು ಸಾಲಿನಿಂದಲೂ ಒಂದೊಂದು ತೊಟ್ಟು ತೆಗೆದು ಎದ್ದವನ್ನು, ಏಳದವನ್ನು ಬರೆದುಕೊಳ್ಳುತ್ತಾ ಹೋದಳು, ಸುಮ್ಮನೆ ಕೂರಲಾರದೆ.

ಯಜಮಾನರು ತಿಂಡಿ ತಿನ್ನಲಿಲ್ಲ. ಸ್ಟೂಲು ಎಳೆದುಕೊಂಡು ಇನ್ನೊಂದು ಸೂಕ್ಷ್ಮದರ್ಶಕದ ಮುಂದೆ ಕೂತರು. ಜೀವಮಾನವಿಡೀ ಗೂಡು ಕಂಡ ಮನುಷ್ಯ. ನಮ್ಮಲ್ಲಿ ಗೂಡಾದ ಮೇಲೆ ಒಳಗಿನದು ಹೊರಗೆ ಬರಬಾರದು, ಚಿಟ್ಟೆ ತೂತು ಮಾಡಿದರೆ ನೂಲು ಹೋಯಿತು. ಅದಕ್ಕೆ ಮುಂಚೆಯೇ ಬಿಸಿನೀರಿಗೆ. ಗೂಡಿನೊಳಗಿನ ಜೀವ ಬದುಕಿ ಈಚೆ ಬರಲಿ ಎಂದು ಅವರು ಕಾದು ಕೂತದ್ದು ಅದೇ ಮೊದಲು.

"ಬಾರಮ್ಮ, ಬಾರಪ್ಪ" ಎಂದು ಮೆಲ್ಲಗೆ ಕರೆಯುತ್ತಿದ್ದರು.

ಸಾಯಂಕಾಲದ ಹೊತ್ತಿಗೆ ಅವರ ಬೆನ್ನು ನೆಟ್ಟಗಾಯಿತು. ಒಂದು ಉಂಡೆಯೊಳಗೆ ಏನೋ ನಿಧಾನವಾಗಿ ತಿರುಗುತ್ತಿತ್ತು. ಗೋಡೆ ಒಂದು ಕಡೆ ಉಬ್ಬಿತು, ತೆಳ್ಳಗಾಯಿತು, ಒಂದು ಜೀವಿ ಮೈ ಹಿಂಡಿಕೊಂಡು ಈಚೆ ಬಂದು, ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ನಿಂತು, ಮೇಯಲು ಹೋಯಿತು. ಯಜಮಾನರು ಅಳುತ್ತಿದ್ದರು. ನಾನು ಸೆರಗು ಕೊಟ್ಟೆ.

ಶುಕ್ರವಾರ, ಪ್ರೊಫೆಸರಮ್ಮ

ಪ್ರೊಫೆಸರನ್ನು ನಾವು ಪ್ರೊಫೆಸರಮ್ಮ ಎನ್ನುತ್ತಿದ್ದೆವು. ಎತ್ತರದ ಹೆಂಗಸು, ಮಾತು ಕಡಿಮೆ. ಬಂದವರೇ ಎಡಸಾಲಿನ ಮುಂದೆ ಬಗ್ಗಿ, ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೀರು ನಿಂತಿತ್ತು. ನಾನು ನಿಲ್ಲಿಸಿದ್ದೆ" ಎಂದಳು ರುಕ್ಕು.

ಯಜಮಾನರಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಮುಂದೆ ಬಂದರು. "ನೋ ಮೇಡಂ. ಐ. ಐ ಸ್ಟಾಪ್. ಐ ಥಿಂಕ್ ಫೀವರ್."

ಪ್ರೊಫೆಸರಮ್ಮ ಒಂದು ಹೆಜ್ಜೆ ಹಿಂದೆ ಸರಿದು ಯಾರಿಗೆ ಜ್ವರ ಎಂದು ಕೇಳಿದರು. ನಾನು ಮೇಡಂ ಆದದ್ದು ಆ ದಿನ ಸಾರ್ಥಕವಾಯಿತು. ಹುಳ, ಪೊರೆ, ಸೊಪ್ಪು, ನಲ್ಲಿ, ಸ್ಪ್ಯಾನರ್, ರೋಸಾ ಎಲ್ಲವನ್ನೂ ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಆಕೆ ನಗುತ್ತಾರೋ ಬೈಯುತ್ತಾರೋ ಮುಖದಲ್ಲಿ ಗೊತ್ತಾಗಲಿಲ್ಲ. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ರುಕ್ಕು ಹಿಂದಿನ ದಿನ ಬರೆದದ್ದನ್ನು ತೋರಿಸಿ, ಯಾವುದು ಮೊದಲು ಎದ್ದಿತು, ಯಾವುದು ಏಳಲೇ ಇಲ್ಲ, ನೀರು ನಿಲ್ಲದ ಬಲಸಾಲಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಹೇಳುತ್ತಾ ಹೇಳುತ್ತಾ ತನ್ನ ಭಯವನ್ನೇ ಮರೆತಳು. ಇಬ್ಬರೂ ಜರ್ಮನ್ ಭಾಷೆಗೆ ಹೊರಳಿದರು. ನಾವಿಬ್ಬರೂ ಮಾರ್ಕ್ಸ್ ಕಾರ್ಡಿಗೆ ಕಾಯುವವರ ಹಾಗೆ ಗೋಡೆಗೆ ಒರಗಿ ನಿಂತೆವು.

ಕಡೆಗೆ ರುಕ್ಕು ನಮ್ಮ ಕಡೆ ಬಂದಳು.

"ಏನಂತೆ?" ಎಂದೆ.

"ಹಳೇ ಪ್ರಶ್ನೆ ಹೋಯ್ತು ಅಕ್ಕ. ಅದನ್ನ ಬಿಟ್ಟುಬಿಡು ಅಂದ್ರು." ಯಜಮಾನರು ಕಣ್ಣು ಮುಚ್ಚಿಕೊಂಡರು. "ನೀರು ಹೋದ್ಮೇಲೆ ಇವು ಹೆಂಗೆ ಉಳೀತವೆ ಅನ್ನೋದನ್ನ ಹಿಡಕೋ, ವರ್ಷ ಕೊಡ್ತೀನಿ ಅಂದ್ರು. ಆದ್ರೆ ಈ ಹಳ್ಳ ಯಾವತ್ತೂ ಆರಲ್ಲ, ಬತ್ತೋ ನದಿ ಎಲ್ಲಿ ಹುಡುಕ್ತೀಯಾ ಅಂತ ಕೇಳಿದ್ರು. ನಮ್ಮೂರಲ್ಲಿದೆ ಅಂದೆ." ಅವಳು ನನ್ನ ಕೈ ಹಿಡಿದುಕೊಂಡಳು. "ಗೌರಿಬಿದನೂರಿಗೆ ಬರ್ತಾ ಇದೀನಿ ಕಣಕ್ಕ. ಪಿನಾಕಿನಿ ನದೀಲಿ ಕಲ್ಲು ಕೆರೆಯಕ್ಕೆ."

ನಾನು ಅವಳನ್ನು ತಬ್ಬಿಕೊಂಡೆ. ಯಜಮಾನರು ಎಂದೂ ತಪ್ಪು ಮಾಡದವರ ಹಾಗೆ, "ನಾನ್ ಹೇಳಲಿಲ್ವಾ, ಕೊಟ್ಟೇ ಕೊಡ್ತಾರೆ ಅಂತ" ಎಂದರು.

"ಭಾವ, ಒಂದೇ ಕಂಡೀಷನ್. ಅಲ್ಲಿ ನೀವು ನೀರು ನಿಲ್ಲಿಸೋ ಹಂಗಿಲ್ಲ."

"ಪಿನಾಕಿನೀಲಿ ನಿಲ್ಲಿಸಕ್ಕೆ ನೀರೆಲ್ಲೈತಮ್ಮ?"

ಮೂವರೂ ಬಿದ್ದು ಬಿದ್ದು ನಕ್ಕೆವು, ಮೂರು ದಿನದ ಭಯವೆಲ್ಲ ನಗುವಾಗಿ ಹೊರಗೆ ಬಂತು. ಪ್ರೊಫೆಸರಮ್ಮ ಏನೆಂದು ಕೇಳಿದರು. ರುಕ್ಕು ಕಣ್ಣೊರೆಸಿಕೊಳ್ಳುತ್ತ ಭಾವನ ಮಾತನ್ನು ಹೇಳಿದಳು. ಆಕೆ ನಗಲಿಲ್ಲ. ನಮ್ಮ ಮೂವರ ಮುಖವನ್ನೂ ನೋಡಿ, ಎಷ್ಟು ಕಾಲದಿಂದ ಹಾಗಿದೆ ಎಂದು ಕೇಳಿದರು.

ರುಕ್ಕು ನನ್ನ ಕಡೆ ನೋಡಿದಳು. ನನಗೆ ವರ್ಷ ನೆನಪಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಆ ನದಿಯನ್ನು ಲಂಗ ಎತ್ತಿಕೊಂಡು ದಾಟುತ್ತಿದ್ದೆ, ನನ್ನ ತಂಗಿ ಚಪ್ಪಲಿ ಹಾಕಿಕೊಂಡೇ ದಾಟಿದಳು ಎಂದು ಹೇಳಿದೆ.